ಬೇಸಿಗೆ ಬೈಬಲ್ ಶಾಲೆಗೆ ಸಹಾಯಕರಾಗಿ ಹೋಗುವವರಿಗೆ: ಮೊದಲ ಸಭೆಯಿಂದ ಕೊನೆಯ ದಿನದವರೆಗೆ

ಮಾರ್ಚ್ ತಿಂಗಳ ಕೊನೆಯ ಭಾನುವಾರಗಳಲ್ಲಿ ಆರಾಧನೆ ಮುಗಿದು ಪ್ರಕಟಣೆಗಳನ್ನು ಓದುವಾಗ, ಈ ವರ್ಷದ ವಿ.ಬಿ.ಎಸ್.ಗೆ ಸಹಾಯಕರು ಬೇಕಾಗಿದ್ದಾರೆ ಎಂಬ ಮಾತು ಬಂದೇ ಬರುತ್ತದೆ. ಅದಾದ ಮೇಲೆ ನನಗೆ ಪ್ರತಿ ವರ್ಷವೂ ಬರುವ ಪ್ರಶ್ನೆ ಒಂದೇ: "ಅಯ್ಯನವರು (ಸಭಾಪಾಲಕರು, ಅಂದರೆ ಚರ್ಚಿನ ಪಾದ್ರಿ) ನನ್ನ ಹೆಸರನ್ನೂ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ, ನನಗೆ ಪಾಠ ಹೇಳಿ ಅಭ್ಯಾಸವಿಲ್ಲ, ನಾನು ಅಲ್ಲಿಗೆ ಹೋಗಿ ಏನು ಮಾಡಬೇಕು?" ಕೇಳುವವರಲ್ಲಿ ಪಿಯುಸಿ ಮುಗಿಸಿದ ಯುವಕ ಯುವತಿಯರು, ತಮ್ಮ ಮಗುವನ್ನು ಕಳುಹಿಸುವ ತಾಯಂದಿರು, ನಿವೃತ್ತರಾದ ಹಿರಿಯರು ಎಲ್ಲರೂ ಇರುತ್ತಾರೆ. ಈ ಲೇಖನ ಅವರಿಗಾಗಿ ಬರೆದದ್ದು. ಶಿಬಿರವನ್ನು ನಡೆಸುವ ಮುಖ್ಯಸ್ಥರಿಗೆ ಬೇರೆ ತರಬೇತಿಗಳೂ ಕೈಪಿಡಿಗಳೂ ಇವೆ. ಅವರ ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ "ಬಂದು ಸ್ವಲ್ಪ ಕೈಜೋಡಿಸಿ" ಎಂಬ ಒಂದು ಮಾತಿನ ಹೊರತು ಬೇರೇನೂ ಸಿಗುವುದಿಲ್ಲ.

ವಿ.ಬಿ.ಎಸ್. ಎಂದರೆ ವೆಕೇಶನ್ ಬೈಬಲ್ ಸ್ಕೂಲ್, ಅಂದರೆ ಶಾಲೆಗೆ ರಜೆ ಇರುವಾಗ ದೇವಾಲಯದ (ಚರ್ಚಿನ) ಆವರಣದಲ್ಲಿ ಐದರಿಂದ ಹತ್ತು ದಿನ ಮಕ್ಕಳಿಗೆ ಬೈಬಲ್ ಕಥೆ, ಹಾಡು, ಕೈಕೆಲಸ ಮತ್ತು ಆಟಗಳ ಮೂಲಕ ನಡೆಸುವ ಶಾಲೆ. ಇದರ ಮೊದಲ ರೂಪಗಳಲ್ಲಿ ಒಂದನ್ನು 1898ರಲ್ಲಿ ನ್ಯೂಯಾರ್ಕ್ ನಗರದಲ್ಲಿ, ಬೇಸಿಗೆಯಲ್ಲಿ ಬೀದಿಯಲ್ಲೇ ಅಲೆಯುತ್ತಿದ್ದ ಮಕ್ಕಳಿಗಾಗಿ ಒಬ್ಬ ವೈದ್ಯರ ಪತ್ನಿ ಆರಂಭಿಸಿದರು. ಸ್ಥಳ ಸಿಗದೆ ಅವರು ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯನ್ನು. ನಮ್ಮಲ್ಲಿ ಇಂದು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ), ಮೆಥೊಡಿಸ್ಟ್ ಮತ್ತಿತರ ಪ್ರೊಟೆಸ್ಟೆಂಟ್ ಸಭೆಗಳು, ಅಂದರೆ ಚರ್ಚಿನ ಸಮುದಾಯಗಳು, ದೊಡ್ಡ ಊರಿನಲ್ಲಾಗಲಿ ಹಳ್ಳಿಯಲ್ಲಾಗಲಿ ಇದನ್ನು ಬೇಸಿಗೆಯ ಖಾಯಂ ಕಾರ್ಯಕ್ರಮವಾಗಿ ನಡೆಸುತ್ತವೆ.

ತರಬೇತಿಯಲ್ಲಿ ಪದೇ ಪದೇ ಕಿವಿಗೆ ಬೀಳುವ ಕೆಲವು ಪದಗಳನ್ನು ಮೊದಲೇ ತಿಳಿದುಕೊಂಡಿದ್ದರೆ ಗೊಂದಲ ಕಡಿಮೆ. 'ಡೈರೆಕ್ಟರ್' ಎಂದರೆ ಆ ವರ್ಷದ ಶಿಬಿರದ ಹೊಣೆ ಹೊತ್ತವರು. 'ಬಿಗಿನರ್' ಎಂದರೆ ಸುಮಾರು 4ರಿಂದ 5 ವರ್ಷದ ಮಕ್ಕಳು, 'ಪ್ರೈಮರಿ' 6ರಿಂದ 8, 'ಜೂನಿಯರ್' 9ರಿಂದ 11, 'ಇಂಟರ್‌ಮೀಡಿಯೇಟ್' 12ರಿಂದ 14. ಸಭೆಯಿಂದ ಸಭೆಗೆ ಒಂದೆರಡು ವರ್ಷ ಹೆಚ್ಚು ಕಡಿಮೆಯಾಗುತ್ತದೆ. 'ಥೀಮ್' ಎಂದರೆ ಆ ವರ್ಷದ ಎಲ್ಲ ಪಾಠಗಳನ್ನೂ ಕಟ್ಟಿ ಹಿಡಿಯುವ ಮುಖ್ಯ ವಿಷಯ. 'ಆಕ್ಷನ್ ಸಾಂಗ್' ಅಭಿನಯದೊಡನೆ ಹಾಡುವ ಹಾಡು. 'ಕಂಠಪಾಠ ವಾಕ್ಯ' ಮಕ್ಕಳು ಬಾಯಿಪಾಠ ಮಾಡಬೇಕಾದ ಆ ದಿನದ ಬೈಬಲ್ ವಚನ. 'ರ‍್ಯಾಲಿ' ಎಂದರೆ ಕೊನೆಯ ದಿನಗಳಲ್ಲಿ ಮಕ್ಕಳು ಬ್ಯಾನರ್ ಹಿಡಿದು ಹಾಡುತ್ತಾ ಸಾಗುವ ಮೆರವಣಿಗೆ.

ಹಂತ 1: ನಿಮ್ಮ ಕೆಲಸ ಯಾವುದೆಂದು ಬರೆಸಿಕೊಳ್ಳಿ

ಶಿಬಿರದ ದಿನಾಂಕವನ್ನು ಗೊತ್ತುಮಾಡುವುದು ನಿಮ್ಮ ಕೆಲಸವಲ್ಲವಾದರೂ, ಮೊದಲ ಸಿದ್ಧತಾ ಸಭೆಯಲ್ಲಿ ಕೆಲವು ಸಂಗತಿಗಳನ್ನು ನೆನಪಿಸುವುದು ಒಳ್ಳೆಯದು. ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವ ಭಾನುವಾರವಾದರೂ ಬರಬಹುದು. ಅದು ತಡವಾಗಿ ಬಂದ ವರ್ಷ ಪರಿಶುದ್ಧ ವಾರದ (ಈಸ್ಟರ್‌ಗೆ ಹಿಂದಿನ ವಾರದ) ಆರಾಧನೆಗಳಿಗೂ ಶಿಬಿರದ ಸಿದ್ಧತೆಗೂ ಒಂದೇ ಸಭಾಂಗಣ, ಅವೇ ನಾಲ್ಕು ಜನ ಎಂಬ ಪರಿಸ್ಥಿತಿ ಉಂಟಾಗುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ರಜೆ ಇದ್ದರೂ, ಕೇಂದ್ರೀಯ ಪಠ್ಯಕ್ರಮದ ಅನೇಕ ಶಾಲೆಗಳು ಏಪ್ರಿಲ್‌ನಲ್ಲಿ ಹೊಸ ತರಗತಿಯನ್ನೇ ಆರಂಭಿಸಿರುತ್ತವೆ. ಮೇ ತಿಂಗಳಲ್ಲಿ ಮದುವೆಗಳ ಭರಾಟೆ; ಸಭಾಂಗಣ ಯಾವ ದಿನ ಖಾಲಿ ಇದೆ ಎಂಬುದನ್ನು ರಿಜಿಸ್ಟರ್ ನೋಡಿಯೇ ಹೇಳಬೇಕು.

ಆ ಸಭೆಯಲ್ಲಿ "ಎಲ್ಲರೂ ಎಲ್ಲ ಕೆಲಸ ಮಾಡೋಣ" ಎಂಬ ತೀರ್ಮಾನವಾಗಿ ಹೊರಬರಬೇಡಿ. ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ನೋಂದಣಿ, ಗೇಟು, ತಿಂಡಿ ಮತ್ತು ನೀರು, ಕೈಕೆಲಸದ ಸಾಮಗ್ರಿ, ಪ್ರಥಮ ಚಿಕಿತ್ಸೆ, ಹಾಡು, ಪ್ರತಿ ತರಗತಿಗೆ ಟೀಚರ್ ಒಬ್ಬರು ಮತ್ತು ಅವರ ಜೊತೆಗೆ ಸಹಾಯಕರೊಬ್ಬರು — ಹೀಗೆ ಹೆಸರು ಸಹಿತ ಪಟ್ಟಿಯಾಗಬೇಕು. ಪಾಠ ಹೇಳಲು ಬಾರದವರು ಗೇಟನ್ನೋ ನೋಂದಣಿಯನ್ನೋ ಕೇಳಿ ಪಡೆಯಿರಿ. ಅವು ಕೀಳು ಕೆಲಸಗಳೆಂದು ತೋರಬಹುದು. ಆದರೆ ಕಥೆಗಾರ ಒಂದು ದಿನ ತಪ್ಪಿಸಿಕೊಂಡರೆ ಇನ್ನೊಬ್ಬರು ಕಥೆ ಹೇಳಬಲ್ಲರು, ಗೇಟಿನಲ್ಲಿ ಯಾರೂ ಇಲ್ಲದ ದಿನ ಏನಾದೀತೆಂದು ಯಾರೂ ಹೇಳಲಾರರು.

ಯುವಕ ಯುವತಿಯರಿಗೆ ಒಂದು ಮಾತು. ಪ್ರವೇಶ ಪರೀಕ್ಷೆಯೋ ಪೂರಕ ಪರೀಕ್ಷೆಯೋ ಇದ್ದರೆ ಈಗಲೇ ಹೇಳಿ. ಹತ್ತು ದಿನಕ್ಕೆ ಒಪ್ಪಿಕೊಂಡು ನಾಲ್ಕನೆಯ ದಿನ ಮರೆಯಾಗುವುದಕ್ಕಿಂತ ನಾಲ್ಕೇ ದಿನ ಬರುತ್ತೇನೆಂದು ಹೇಳಿ ಆ ನಾಲ್ಕು ದಿನವೂ ಸಮಯಕ್ಕೆ ಬರುವುದು ಎಷ್ಟೋ ಮೇಲು.

ಹಂತ 2: ಆವರಣವನ್ನು ಮಗುವಿನ ಎತ್ತರದಿಂದ ನೋಡಿ

ಶಿಬಿರಕ್ಕೆ ಒಂದು ವಾರ ಮೊದಲು ಇಬ್ಬರು ಸೇರಿ ಇಡೀ ಆವರಣವನ್ನು ಒಮ್ಮೆ ಸುತ್ತಿ ಬನ್ನಿ. ಹಳೆಯ ದೇವಾಲಯಗಳ ಆವರಣದಲ್ಲಿ ಬಾವಿ ಇರುವುದು ಸಾಮಾನ್ಯ. ಅದಕ್ಕೆ ಕಬ್ಬಿಣದ ಜಾಲರಿ ಇದೆಯೇ, ಅದು ತುಕ್ಕು ಹಿಡಿದು ಸಡಿಲವಾಗಿಲ್ಲವೇ ಎಂದು ಕೈಯಿಂದ ಅಲುಗಾಡಿಸಿ ನೋಡಿ. ನಗರಗಳಲ್ಲಿ ಬಾವಿಗಿಂತ ಅಪಾಯಕಾರಿಯಾದದ್ದು ನೆಲದಡಿಯ ನೀರಿನ ಸಂಪು. ಟ್ಯಾಂಕರ್ ಬಂದಾಗ ಅದರ ಮುಚ್ಚಳ ತೆಗೆಯುತ್ತಾರೆ, ಮತ್ತೆ ಮುಚ್ಚಲು ಮರೆಯುತ್ತಾರೆ. ಶಿಬಿರ ನಡೆಯುವ ಹೊತ್ತಿನಲ್ಲಿ ಟ್ಯಾಂಕರ್ ಬರಬಾರದೆಂದು ಆವರಣ ನೋಡಿಕೊಳ್ಳುವವರಿಗೆ ಮೊದಲೇ ತಿಳಿಸಿ, ಮುಚ್ಚಳಕ್ಕೆ ಬೀಗ ಹಾಕಿಸಿ.

ಗಂಟೆ ಗೋಪುರವನ್ನೂ ದೊಡ್ಡ ಮರಗಳನ್ನೂ ತಲೆಯೆತ್ತಿ ನೋಡಿ. ಬೇಸಿಗೆಯಲ್ಲಿ ಅಲ್ಲಿ ಹೆಜ್ಜೇನು ಕಟ್ಟಿರುವುದುಂಟು. ಗೂಡು ಇದ್ದರೆ ಹುಡುಗರು ಸೇರಿಕೊಂಡು ಹೊಗೆ ಹಾಕುವ ಸಾಹಸ ಬೇಡ. ಅನುಭವಸ್ಥರನ್ನು ಕರೆಸಿ ಅಥವಾ ಆ ಭಾಗಕ್ಕೆ ಯಾರೂ ಹೋಗದಂತೆ ಹಗ್ಗ ಕಟ್ಟಿ, ಅಲ್ಲಿ ಡ್ರಮ್ಮನ್ನಾಗಲಿ ಧ್ವನಿವರ್ಧಕವನ್ನಾಗಲಿ ಬಳಸಬೇಡಿ. ಶೌಚಾಲಯದ ಚಿಲಕ ಒಳಗಿನಿಂದ ಸಿಕ್ಕಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ. ನಲ್ಲಿ ಚಿಕ್ಕ ಮಕ್ಕಳ ಕೈಗೆ ಎಟುಕದಿದ್ದರೆ ಒಂದು ಬಕೆಟ್ಟು, ಒಂದು ಮಗ್ಗು ಮತ್ತು ಸೋಪು ಇಡಿ.

ಹಂತ 3: ನೋಂದಣಿ

ನೋಂದಣಿ ಎಂದರೆ ಹೆಸರು ಬರೆದು ಬ್ಯಾಡ್ಜ್ ಕೊಡುವುದು ಎಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಆ ಮೂರು ಗಂಟೆಗಳ ಮಟ್ಟಿಗೆ ಮಗುವಿನ ಹೊಣೆ ಮನೆಯಿಂದ ನಿಮ್ಮ ಕೈಗೆ ಬಂದಿತೆಂಬುದರ ದಾಖಲೆ. ಆದ್ದರಿಂದ ರಿಜಿಸ್ಟರಿನಲ್ಲಿ ಈ ಕಲಂಗಳು ಇರಲೇಬೇಕು: ಮಗುವಿನ ಹೆಸರು ಮತ್ತು ವಯಸ್ಸು, ತಂದೆ ಅಥವಾ ತಾಯಿಯ ಫೋನ್ ನಂಬರ್, ಅದು ಸಿಗದಿದ್ದರೆ ಇನ್ನೊಂದು ನಂಬರ್, ಮಗುವಿಗೆ ಒಗ್ಗದ ತಿಂಡಿ, ತೆಗೆದುಕೊಳ್ಳುತ್ತಿರುವ ಔಷಧ, ಫಿಟ್ಸ್ ಅಥವಾ ಉಬ್ಬಸದಂಥ ತೊಂದರೆ, ಮಗುವನ್ನು ಕರೆದೊಯ್ಯಲು ಯಾರು ಬರುತ್ತಾರೆ, ಫೋಟೊ ತೆಗೆಯಲು ಒಪ್ಪಿಗೆ ಇದೆಯೇ, ಮತ್ತು ಕೊನೆಯಲ್ಲಿ ಪೋಷಕರ ಸಹಿ.

"ಯಾರು ಕರೆದೊಯ್ಯುತ್ತಾರೆ" ಎಂಬ ಕಲಂ ನನ್ನ ಒಂದು ತಪ್ಪಿನಿಂದ ಹುಟ್ಟಿಕೊಂಡದ್ದು. ಒಂದು ವರ್ಷ, "ನಾನು ಇವಳ ಮಾಮ" ಎಂದು ಬಂದವರೊಡನೆ ಆರು ವರ್ಷದ ಹುಡುಗಿಯನ್ನು ಕಳುಹಿಸಿಬಿಟ್ಟೆ. ಅವರು ನಿಜವಾಗಿಯೂ ಮಾಮನೇ ಆಗಿದ್ದರು. ಆದರೆ ಹತ್ತು ನಿಮಿಷದ ನಂತರ ಬಂದ ತಾಯಿಗೆ ಅದು ತಿಳಿದಿರಲಿಲ್ಲ, ಆಕೆ ನನ್ನ ಮುಂದೆ ನಿಂತು ಫೋನಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದ ಆ ಐದು ನಿಮಿಷ ನನಗೆ ಇಂದಿಗೂ ಮರೆತಿಲ್ಲ. ಈಗ ನಾವು ಒಂದೇ ನಂಬರಿನ ಎರಡು ಚೀಟಿ ಮಾಡುತ್ತೇವೆ. ಒಂದು ಮಗುವಿನ ಬ್ಯಾಡ್ಜಿನ ಹಿಂದೆ, ಇನ್ನೊಂದು ಪೋಷಕರ ಕೈಯಲ್ಲಿ. ಚೀಟಿ ತಾರದವರಿದ್ದರೆ, ಅವರು ಸಭೆಯ ಹಿರಿಯರೇ ಆಗಿದ್ದರೂ, ತಾಯಿತಂದೆಗೆ ಫೋನ್ ಮಾಡಿ ಕೇಳಿದ ನಂತರವೇ ಮಗುವನ್ನು ಕಳುಹಿಸುತ್ತೇವೆ. ಮೊದಲೆರಡು ದಿನ ಜನ ಬೇಸರಪಟ್ಟುಕೊಳ್ಳುತ್ತಾರೆ. ಮೂರನೆಯ ದಿನಕ್ಕೆ ಅಭ್ಯಾಸವಾಗುತ್ತದೆ.

ನೆರೆಹೊರೆಯ ಹಿಂದೂ, ಮುಸ್ಲಿಂ ಮನೆಗಳ ಮಕ್ಕಳೂ ಗೆಳೆಯರೊಡನೆ ಬರುತ್ತಾರೆ. ಅವರನ್ನು ಸೇರಿಸಿಕೊಳ್ಳುವ ಮೊದಲು ಅವರ ತಾಯಿ ಅಥವಾ ತಂದೆಯೊಡನೆ ನೇರವಾಗಿ ಮಾತನಾಡಿ, ಇದು ಬರಿಯ ಬೇಸಿಗೆ ಶಿಬಿರವಲ್ಲ, ಇಲ್ಲಿ ಬೈಬಲ್ ಕಥೆ ಹೇಳುತ್ತೇವೆ, ಕ್ರೈಸ್ತ ಹಾಡು ಮತ್ತು ಪ್ರಾರ್ಥನೆ ಇರುತ್ತವೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿ, ಸಹಿ ಪಡೆಯಿರಿ. "ಚಿತ್ರಕಲೆ ಕಲಿಸುತ್ತೇವೆ" ಎಂದಷ್ಟೇ ಹೇಳಿ ಕರೆತರುವುದು ಸರಿಯಲ್ಲ. ಕಾನೂನಿನ ಮಾತು ಹಾಗಿರಲಿ, ನೆರೆಯವರ ನಂಬಿಕೆ ಒಮ್ಮೆ ಹೋದರೆ ಮತ್ತೆ ಬಾರದು. ಉಡುಗೊರೆಯ ಆಸೆ ತೋರಿಸಿ ಗೆಳೆಯರನ್ನು ಕರೆತರಲು ಮಕ್ಕಳಿಗೆ ಹೇಳುವ ಪದ್ಧತಿ ಕೆಲವೆಡೆ ಇದೆ. ಅದನ್ನೂ ಬಿಟ್ಟುಬಿಡಿ.

ಹಂತ 4: ಮಕ್ಕಳೊಡನೆ ಇರುವಾಗಿನ ನಿಯಮಗಳು

ಈ ಭಾಗವನ್ನು ಓದಿ ಮುಗಿಸದೆ ಯಾವ ಸಹಾಯಕರೂ ತರಗತಿಯೊಳಗೆ ಕಾಲಿಡಬಾರದೆಂಬುದು ನನ್ನ ಅಭಿಪ್ರಾಯ.

ಯಾವ ವಯಸ್ಕರೂ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು. ಪ್ರಾರ್ಥನೆಗಾಗಲಿ, ಬುದ್ಧಿ ಹೇಳುವುದಕ್ಕಾಗಲಿ, ಹಾಡಿನ ಅಭ್ಯಾಸಕ್ಕಾಗಲಿ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಬಾಗಿಲು ತೆರೆದಿರಬೇಕು ಅಥವಾ ಇನ್ನೊಬ್ಬ ವಯಸ್ಕರು ಕಾಣುವಂತಿರಬೇಕು. ಶೌಚಾಲಯಕ್ಕೆ ಮಕ್ಕಳು ಇಬ್ಬಿಬ್ಬರಾಗಿ ಹೋಗಲಿ, ಮಹಿಳಾ ಸಹಾಯಕರೊಬ್ಬರು ಹೊರಗೆ ನಿಂತಿರಲಿ. ಮಕ್ಕಳ ಫೋಟೊಗಳನ್ನು ನಿಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಬೇಡಿ. ಫೋಟೊ ತೆಗೆಯಲು ಒಬ್ಬರನ್ನೇ ನೇಮಿಸಿ, ಒಪ್ಪಿಗೆ ಇಲ್ಲದ ಮಕ್ಕಳು ಯಾರೆಂದು ಅವರಿಗೆ ಪಟ್ಟಿ ಕೊಡಿ.

ಹೊಡೆಯುವುದು, ಕಿವಿ ಹಿಂಡುವುದು, ಬಿಸಿಲಿನಲ್ಲಿ ನಿಲ್ಲಿಸುವುದು ಇವು ಯಾವುವೂ ಇಲ್ಲಿ ಸಲ್ಲವು. ಬೈಗುಳವೂ ಅಷ್ಟೇ. "ದೇವರು ನಿನ್ನನ್ನು ಶಿಕ್ಷಿಸುತ್ತಾನೆ" ಎಂದು ಹೆದರಿಸಿ ಸುಮ್ಮನಾಗಿಸುವುದು ಹೊಡೆತಕ್ಕಿಂತ ಕೆಟ್ಟದ್ದು, ಏಕೆಂದರೆ ಹೊಡೆದವರನ್ನು ಮಗು ಮರೆಯಬಹುದು, ಆ ಹೆದರಿಕೆಯನ್ನು ಬೇಗ ಮರೆಯುವುದಿಲ್ಲ. ಗಲಾಟೆ ಮಾಡುವ ಹುಡುಗನಿಗೆ ಒಂದು ಕೆಲಸ ಕೊಡಿ: ಚಾಪೆ ಹಾಸುವುದು, ಬಣ್ಣದ ಪೆನ್ಸಿಲ್ ಎಣಿಸುವುದು. ಹತ್ತರಲ್ಲಿ ಎಂಟು ಸಲ ಇಷ್ಟೇ ಸಾಕಾಗುತ್ತದೆ.

ಯಾವುದಾದರೂ ಮಗು ತನಗೆ ಮನೆಯಲ್ಲೋ ಬೇರೆಲ್ಲೋ ಲೈಂಗಿಕ ಕಿರುಕುಳವಾಗುತ್ತಿದೆ ಎಂಬ ಅರ್ಥದ ಮಾತು ಹೇಳಿದರೆ, ಗಾಬರಿಯನ್ನು ತೋರಿಸದೆ ಕೇಳಿಸಿಕೊಳ್ಳಿ, ಕೆದಕಿ ಕೆದಕಿ ಪ್ರಶ್ನಿಸಬೇಡಿ, "ಯಾರಿಗೂ ಹೇಳುವುದಿಲ್ಲ" ಎಂಬ ಮಾತನ್ನೂ ಕೊಡಬೇಡಿ. ಮಗು ಹೇಳಿದ್ದನ್ನು ಅದರದೇ ಮಾತುಗಳಲ್ಲಿ ಅಂದೇ ಬರೆದಿಡಿ. 2012ರ ಪೋಕ್ಸೊ ಕಾಯ್ದೆಯ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನಿನ 19ನೇ ಸೆಕ್ಷನ್ ಪ್ರಕಾರ ಇಂಥ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ವರದಿ ಮಾಡಲೇಬೇಕು, ಮಾಡದಿರುವುದು ಅಪರಾಧ. ಡೈರೆಕ್ಟರ್‌ಗೂ ಸಭಾಪಾಲಕರಿಗೂ ತಿಳಿಸಿ, ಆದರೆ ಅವರಿಗೆ ತಿಳಿಸಿದೊಡನೆ ನಿಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸಬೇಡಿ. ಮಕ್ಕಳ ಸಹಾಯವಾಣಿ 1098ರ ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಸಭೆಯ ಮರ್ಯಾದೆ ಹೋಗುತ್ತದೆ, ಒಳಗೊಳಗೇ ಸರಿಮಾಡೋಣ ಎಂಬ ಸಲಹೆ ಯಾರಿಂದ ಬಂದರೂ ಒಪ್ಪಬೇಡಿ.

ಹಂತ 5: ಕಥೆ ಹೇಳಬೇಕಾಗಿ ಬಂದರೆ

ಐದನೆಯ ದಿನಕ್ಕೆ ಯಾರಾದರೂ ಒಬ್ಬ ಟೀಚರ್‌ಗೆ ಗಂಟಲು ಕಟ್ಟುತ್ತದೆ, ಆಗ ಸಹಾಯಕರಾದ ನಿಮ್ಮ ಕೈಗೆ ಪುಸ್ತಕ ಬರುತ್ತದೆ. ಆದ್ದರಿಂದ ಪಾಠ ಹೇಳುವ ಉದ್ದೇಶವಿಲ್ಲದವರೂ ಈ ಹಂತವನ್ನು ಓದಿಕೊಂಡಿರಿ. ಇಡೀ ಶಿಬಿರದ ತಿರುಳು ಈ ಹದಿನೈದು ನಿಮಿಷ.

ಮೊದಲ ತಪ್ಪು, ಪಾಠಪುಸ್ತಕವನ್ನು ಕೈಯಲ್ಲಿ ಹಿಡಿದು ಓದಿಬಿಡುವುದು. ಪುಸ್ತಕವನ್ನು ಹಿಂದಿನ ರಾತ್ರಿ ಓದಿ. ಅದಕ್ಕೂ ಮೊದಲು ಬೈಬಲಿನಲ್ಲಿರುವ ಆ ಭಾಗವನ್ನು ಎರಡು ಸಲ ಓದಿ. ಲೂಕ 15ನೇ ಅಧ್ಯಾಯದ ಕಳೆದುಹೋದ ಕುರಿಯ ಸಾಮ್ಯವನ್ನು (ಸಾಮ್ಯ ಎಂದರೆ ಒಂದು ಸತ್ಯವನ್ನು ತಿಳಿಸಲು ಯೇಸುಸ್ವಾಮಿ ಹೇಳಿದ ಚಿಕ್ಕ ಕಥೆ) ತೆಗೆದುಕೊಳ್ಳೋಣ. ಅಲ್ಲಿ ಇರುವುದು ಕೆಲವೇ ವಚನಗಳು. ಕುರಿ ಏಕೆ ತಪ್ಪಿಸಿಕೊಂಡಿತು, ಅದು ಹಟಮಾರಿ ಕುರಿಯೇ, ಅದರ ತಾಯಿ ಏನು ಹೇಳಿತ್ತು, ಇವೊಂದೂ ಅಲ್ಲಿಲ್ಲ. ನಮ್ಮಲ್ಲಿ ಬಹಳ ಜನ "ಅಮ್ಮನ ಮಾತು ಕೇಳದ ತುಂಟ ಕುರಿಮರಿ" ಎಂದು ಆರಂಭಿಸಿ, ಹುಡುಕಿ ಹೋದ ಕುರುಬನ ಕಥೆಯನ್ನು ವಿಧೇಯತೆಯ ಪಾಠವಾಗಿ ತಿರುಗಿಸಿಬಿಡುತ್ತಾರೆ. ಆ ಕಥೆ ಕುರಿಯ ತಪ್ಪಿನದಲ್ಲ, ಹುಡುಕಿದವನ ಸಂತೋಷದ್ದು.

ಹೇಳುವ ಬಗೆ ಹೀಗೆ. ಪರಿಚಯ, ಪೀಠಿಕೆ ಯಾವುದೂ ಬೇಡ. ಚಾಪೆಯ ಮೇಲೆ ಮಕ್ಕಳ ಮಟ್ಟಕ್ಕೆ ಕುಳಿತುಕೊಂಡು, ಬೆರಳಿನಿಂದ ಕುರಿಗಳನ್ನು ಎಣಿಸುವವರಂತೆ ಮೆಲ್ಲಗೆ ಎಣಿಸಲು ತೊಡಗಿ: "ತೊಂಬತ್ತಾರು... ತೊಂಬತ್ತೇಳು... ತೊಂಬತ್ತೆಂಟು... ತೊಂಬತ್ತೊಂಬತ್ತು..." ಅಲ್ಲಿ ನಿಲ್ಲಿಸಿ. ಸುತ್ತ ನೋಡಿ. ಚಾಪೆಯ ಅಂಚನ್ನು ಎತ್ತಿ ಅದರಡಿಯಲ್ಲೂ ನೋಡಿ. ಯಾವುದಾದರೂ ಮಗು ತಾನಾಗಿಯೇ "ನೂರು!" ಎಂದು ಕೂಗುತ್ತದೆ. "ನೂರನೆಯದು ಎಲ್ಲಿ?" ಎಂದು ಕೇಳಿ. ಆ ಕ್ಷಣದಿಂದ ಮಕ್ಕಳು ನಿಮ್ಮವರು. ನಂತರ ಕತ್ತಲು, ಮುಳ್ಳು, ಕುರುಬನ ಕೂಗು, ದೂರದಿಂದ ಸಣ್ಣಗೆ ಬಂದ "ಮ್ಯಾ..." ಎಂಬ ದನಿ. ಕುರಿಯನ್ನು ಹೆಗಲ ಮೇಲೆ ಹೊತ್ತು ಬಂದ ಭಾಗ ಬಂದಾಗ ಒಂದು ದುಪಟ್ಟಾವನ್ನು ಸುತ್ತಿ ಹೆಗಲ ಮೇಲೆ ಹಾಕಿಕೊಂಡರೆ ಸಾಕು, ದುಬಾರಿ ಬೊಂಬೆ ಬೇಕಿಲ್ಲ. ಗೆಳೆಯರನ್ನೂ ನೆರೆಯವರನ್ನೂ ಕರೆದು "ಕಳೆದುಹೋದ ನನ್ನ ಕುರಿ ಸಿಕ್ಕಿತು" ಎಂದು ಅವನು ಹೇಳುವಲ್ಲಿಗೆ ಕಥೆಯನ್ನು ಮುಗಿಸಿ.

ಮುಗಿಸಿದ ಮೇಲೆ "ಮಕ್ಕಳೇ, ಇದರಿಂದ ನೀವು ಏನು ಕಲಿತಿರಿ?" ಎಂದು ತಕ್ಷಣ ಕೇಳಬೇಡಿ. ಆ ಪ್ರಶ್ನೆಗೆ ಮಕ್ಕಳು ನಿಮಗೆ ಬೇಕಾದ ಉತ್ತರವನ್ನು ಕೊಡುವುದನ್ನು ಎಂದೋ ಕಲಿತುಬಿಟ್ಟಿದ್ದಾರೆ. ಅದರ ಬದಲು "ನೀವು ಯಾವತ್ತಾದರೂ ಜಾತ್ರೆಯಲ್ಲಿ ತಪ್ಪಿಸಿಕೊಂಡಿದ್ದೀರಾ?" ಎಂದು ಕೇಳಿ ನೋಡಿ. ಉತ್ತರಗಳಿಗೆ ಸಮಯ ಸಾಲುವುದಿಲ್ಲ.

ಎಚ್ಚರಿಕೆ: ದಾವೀದ ಮತ್ತು ಗೊಲ್ಯಾತನ ಕಥೆಯಲ್ಲಿ ತಲೆ ಕಡಿಯುವುದನ್ನು, ಶಿಲುಬೆಯ ಕಥೆಯಲ್ಲಿ ಮೊಳೆ ಹೊಡೆಯುವುದನ್ನು ಬಿಗಿನರ್ ಮಕ್ಕಳ ಮುಂದೆ ವರ್ಣಿಸಬೇಡಿ. ದೊಡ್ಡ ತರಗತಿಗೆ ಹೊಂದುವ ಮಾತು ಚಿಕ್ಕವರ ನಿದ್ದೆ ಕೆಡಿಸುತ್ತದೆ.

ಹಂತ 6: ಕಂಠಪಾಠ ವಾಕ್ಯ

ಕನ್ನಡ ಬೈಬಲಿನ ಭಾಷೆ ಹಳೆಯ ಗ್ರಾಂಥಿಕ ಭಾಷೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ಲಿಪಿಯೇ ಕಷ್ಟ, ಇನ್ನು ಪದಗಳ ಮಾತು ದೂರ. ಕೀರ್ತನೆ 23ರ ಮೊದಲ ವಚನವನ್ನೇ ನೋಡಿ: "ಯೆಹೋವನು ನನಗೆ ಕುರುಬನು, ಕೊರತೆಪಡೆನು." ನಾಲ್ಕೇ ಪದ, ಆದರೆ ಎರಡು ಅಡಚಣೆಗಳಿವೆ. 'ಕೊರತೆಪಡೆನು' ಎಂಬುದು ನಿಷೇಧ ರೂಪ, ಅಂದರೆ 'ಕೊರತೆಪಡುವುದಿಲ್ಲ' ಎಂಬ ಅರ್ಥ. ಬಹಳ ಮಕ್ಕಳು, ಕೆಲವು ಸಹಾಯಕರೂ, ಅದನ್ನು 'ಕೊರತೆ ಪಡೆದೆನು' ಎಂದು ತಿಳಿದು ನೇರ ವಿರುದ್ಧಾರ್ಥವನ್ನೇ ಬಾಯಿಪಾಠ ಮಾಡುತ್ತಾರೆ. ಇನ್ನು 'ಕುರುಬ' ಎಂಬ ಪದವನ್ನು ಇಂದಿನ ಮಕ್ಕಳು ಒಂದು ಸಮುದಾಯದ ಹೆಸರಾಗಿ ಮಾತ್ರ ಕೇಳಿರಬಹುದು. ಇಲ್ಲಿ ಅದರ ಅರ್ಥ ಕುರಿ ಕಾಯುವವನು ಎಂದು ಬಿಡಿಸಿ ಹೇಳಿ. ಮೊದಲು "ದೇವರು ನನ್ನನ್ನು ಕಾಯುತ್ತಾರೆ, ನನಗೆ ಏನೂ ಕಡಿಮೆಯಾಗುವುದಿಲ್ಲ" ಎಂದು ಮಾತಿನ ಕನ್ನಡದಲ್ಲಿ ತಿಳಿಸಿ, ಆಮೇಲೆ ವಚನಕ್ಕೆ ಬನ್ನಿ.

ಕಲಿಸುವ ಸುಲಭ ವಿಧಾನವೆಂದರೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು, ಎಲ್ಲರೂ ಮೂರು ಸಲ ಓದಿದ ನಂತರ ಒಂದೊಂದೇ ಪದವನ್ನು ಅಳಿಸುತ್ತಾ ಹೋಗುವುದು. ಬೋರ್ಡು ಖಾಲಿಯಾಗುವ ಹೊತ್ತಿಗೆ ವಚನ ನಾಲಿಗೆಯ ಮೇಲಿರುತ್ತದೆ. ಅಧ್ಯಾಯ ಮತ್ತು ವಚನದ ಸಂಖ್ಯೆಯನ್ನು ಹೇಳಲಾಗದ ಮಗುವಿಗೆ ಅಂಕ ಕಡಿಮೆ ಮಾಡುವ ಪದ್ಧತಿಯನ್ನು ಬಿಗಿನರ್ ಮತ್ತು ಪ್ರೈಮರಿ ತರಗತಿಗಳಲ್ಲಿ ಕೈಬಿಡುವುದು ಲೇಸು.

ಹಂತ 7: ಕೈಕೆಲಸ

ಸಾಮಗ್ರಿಯ ಜವಾಬ್ದಾರಿ ನಿಮ್ಮದಾಗಿದ್ದರೆ ಪ್ರತಿ ವಸ್ತುವನ್ನೂ ಮೊದಲು ನೀವೇ ಒಂದು ಸಲ ಮಾಡಿ ಗಡಿಯಾರ ನೋಡಿಕೊಳ್ಳಿ. ನಿಮಗೆ ಹತ್ತು ನಿಮಿಷ ಹಿಡಿದರೆ ಏಳು ವರ್ಷದ ಮಗುವಿಗೆ ಅರ್ಧ ಗಂಟೆ ಹಿಡಿಯುತ್ತದೆ. ಬಿಗಿನರ್ ಮಕ್ಕಳಿಗೆ ಕತ್ತರಿಸಿಯೇ ಕೊಡಿ, ಅಂಟಿಸುವುದು ಮಾತ್ರ ಅವರ ಪಾಲಿಗಿರಲಿ. ಅಂಟನ್ನು ಡಬ್ಬಿ ಸಮೇತ ಕೊಡದೆ ಬಾಟಲಿ ಮುಚ್ಚಳಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಹಂಚಿ. 60 ಮಕ್ಕಳಿದ್ದರೆ 70 ಜೊತೆ ಸಾಮಗ್ರಿ ಇರಲಿ. ಎರಡನೆಯ ದಿನ ಹೊಸಬರು ಬರುವುದು ಖಚಿತ.

ಕುರಿಯ ಪಾಠಕ್ಕೆ ರಟ್ಟಿನ ಮೇಲೆ ಬಿಳಿಯ ಹತ್ತಿ ಅಂಟಿಸುವ ಕುರಿ ಎಲ್ಲ ಕಡೆಯೂ ರೂಢಿಯಲ್ಲಿದೆ. ನಮ್ಮ ಬಯಲುಸೀಮೆಯ ಮಕ್ಕಳು ರಸ್ತೆಯಲ್ಲಿ ದಿನವೂ ಕಾಣುವ ಡೆಕ್ಕನಿ ಕುರಿ ಬಹುಮಟ್ಟಿಗೆ ಕಪ್ಪು. ಕಂಬಳಿ ನೇಯುವುದು ಅದರ ಉಣ್ಣೆಯಿಂದಲೇ. ಒಂದು ವರ್ಷ ಹಳೆಯ ಕರಿಕಂಬಳಿಯ ಚೂರುಗಳನ್ನು ಅಂಟಿಸಲು ಕೊಟ್ಟೆವು. ಆ ಕುರಿಗಳನ್ನು ಮಕ್ಕಳು ಗುರುತಿಸಿದ ಬಗೆಯನ್ನು ನೋಡಿದ ಮೇಲೆ ನಾನು ಹತ್ತಿಗೆ ಹಿಂದಿರುಗಿಲ್ಲ.

ಹಂತ 8: ನೀರು, ತಿಂಡಿ, ಬಿಸಿಲು

ಬೆಳಿಗ್ಗೆ 9ರಿಂದ 12ರವರೆಗಿನ ಶಿಬಿರ ಬೆಂಗಳೂರಿಗೆ ಹೊಂದುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಗಳಲ್ಲಿ ಮೇ ತಿಂಗಳ ತಾಪಮಾನ 40 ಡಿಗ್ರಿ ದಾಟುವುದು ಮಾಮೂಲಿಯಾದ್ದರಿಂದ ಅಲ್ಲಿ 7.30ಕ್ಕೇ ಆರಂಭಿಸಿ 10.30ಕ್ಕೆ ಮಕ್ಕಳನ್ನು ಮನೆಗೆ ಕಳುಹಿಸುವುದು ಉತ್ತಮ. ಓಟದ ಆಟಗಳನ್ನು ಕೊನೆಗೆ ಇಡುವ ರೂಢಿಯನ್ನು ಬಿಟ್ಟು ಮೊದಲಿಗೇ ಆಡಿಸಿ, ಬಿಸಿಲೇರಿದ ಮೇಲೆ ನೆರಳಿನಲ್ಲಿ ಕಥೆ ಮತ್ತು ಕೈಕೆಲಸ ನಡೆಯಲಿ.

60 ಮಕ್ಕಳಿಗೆ 20 ಲೀಟರಿನ ಮೂರು ಕ್ಯಾನ್ ಕುಡಿಯುವ ನೀರು ಬೇಕು. ಬಾಯಾರಿಕೆಯಾದವರು ಬಂದು ಕುಡಿಯಲಿ ಎಂದು ಬಿಟ್ಟರೆ ಆಟದಲ್ಲಿ ಮೈಮರೆತ ಮಕ್ಕಳು ಕುಡಿಯುವುದೇ ಇಲ್ಲ; ಪ್ರತಿ ಮುಕ್ಕಾಲು ಗಂಟೆಗೊಮ್ಮೆ ತರಗತಿಗೆ ತರಗತಿಯನ್ನೇ ಕರೆತಂದು ಕುಡಿಸಿ. ತಿಂಡಿಗೆ ಬಾಳೆಹಣ್ಣು, ಅವಲಕ್ಕಿ, ಮಂಡಕ್ಕಿ, ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಸಾಕು. ಮಂಡಕ್ಕಿಗೆ ಕಡಲೆಕಾಯಿ ಬೀಜ ಹಾಕುವ ಮುನ್ನ ರಿಜಿಸ್ಟರಿನ 'ಒಗ್ಗದ ತಿಂಡಿ' ಕಲಂ ನೋಡಿ. ಕ್ರೀಮ್ ಹಾಕಿದ ತಿನಿಸು ಬೇಸಿಗೆಯಲ್ಲಿ ಬೇಗ ಕೆಡುತ್ತದೆ, ಕೊನೆಯ ದಿನಕ್ಕೂ ಬೇಡ.

ಮಗು ತಲೆಸುತ್ತು ಎಂದರೆ ನೆರಳಿನಲ್ಲಿ ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ, ಓ.ಆರ್.ಎಸ್. ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟವಾಗಿ ತುಂಬಿದ ಆರು ಚಹಾ ಚಮಚ ಸಕ್ಕರೆ ಮತ್ತು ಅರ್ಧ ಚಹಾ ಚಮಚ ಉಪ್ಪು ಬೆರೆಸಿ. ಮೈ ಸುಡುತ್ತಿದ್ದು ಮಗು ತಡವರಿಸಿ ಮಾತಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಪೋಷಕರನ್ನು ಕೇಳದೆ ಯಾವ ಮಾತ್ರೆಯನ್ನೂ, ಜ್ವರದ ಮಾತ್ರೆಯನ್ನು ಕೂಡ, ಕೊಡಬೇಡಿ. ಬೇಸಿಗೆಯಲ್ಲಿ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್, ಹಬ್ಬುತ್ತದೆ. ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಅದು ಇತರರಿಗೆ ಹರಡುವುದರಿಂದ, ಅಂಥ ಮಗು ಎಷ್ಟೇ ಅತ್ತರೂ ಮನೆಯಲ್ಲಿರಲಿ. ಪುಸ್ತಕವನ್ನು ಮನೆಗೆ ತಲುಪಿಸಿ.

ಹಂತ 9: ರ‍್ಯಾಲಿ ಮತ್ತು ಸಮಾರೋಪ

ಇಲ್ಲಿ ನನಗೊಂದು ತಕರಾರು ಇದೆ. ಏಳನೆಯ ದಿನದಿಂದಾಚೆಗೆ ಬಹುತೇಕ ಶಿಬಿರಗಳು ಸಮಾರೋಪದ ನೃತ್ಯಾಭ್ಯಾಸದ ಶಿಬಿರಗಳಾಗಿಬಿಡುತ್ತವೆ. ಕಥೆಯ ಸಮಯ ಹತ್ತು ನಿಮಿಷಕ್ಕೆ ಇಳಿಯುತ್ತದೆ, ಆರಿಸಲ್ಪಟ್ಟ ಹನ್ನೆರಡು ಮಕ್ಕಳು ವೇದಿಕೆಯಲ್ಲಿ ಬೆವರುತ್ತಿರುತ್ತಾರೆ, ಉಳಿದ ನಲವತ್ತೆಂಟು ಮಕ್ಕಳು ಗೋಡೆಗೊರಗಿ ಕುಳಿತಿರುತ್ತಾರೆ. ಸಹಾಯಕರಾದ ನೀವು ಇದನ್ನು ಪೂರ್ತಿ ತಡೆಯಲಾರಿರಿ. ಆದರೆ ಕುಳಿತಿರುವ ಆ ಮಕ್ಕಳನ್ನು ಎಬ್ಬಿಸಿ ಆಟಕ್ಕೋ ಕೈಕೆಲಸಕ್ಕೋ ಕರೆದೊಯ್ಯಬಹುದು. ಕೇಳಿದರೆ ನನ್ನ ಸಲಹೆ ಇಷ್ಟೇ: ಶಿಬಿರದಲ್ಲಿ ಕಲಿತ ಹಾಡುಗಳನ್ನೇ ಎಲ್ಲ ಮಕ್ಕಳೂ ಸೇರಿ ಹಾಡಲಿ, ಬಾಡಿಗೆ ಉಡುಪು ಬೇಡ.

ರ‍್ಯಾಲಿಯನ್ನು ದೇವಾಲಯದ ಆವರಣದೊಳಗೇ ನಡೆಸಬಹುದು. ರಸ್ತೆಗೆ ಇಳಿಯುವುದಾದರೆ ಸ್ಥಳೀಯ ಪೊಲೀಸ್ ಠಾಣೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು, ಧ್ವನಿವರ್ಧಕಕ್ಕೂ ಅನುಮತಿ ಬೇಕು. ಬಿಗಿನರ್ ಮಕ್ಕಳನ್ನು ರಸ್ತೆಗೆ ಕರೆದೊಯ್ಯಬೇಡಿ. ಉಳಿದವರು ಸಾಲಾಗಿ ನಡೆಯುವಾಗ ವಾಹನಗಳು ಸಾಗುವ ಬದಿಯಲ್ಲಿ ವಯಸ್ಕರು, ಒಳಬದಿಯಲ್ಲಿ ಮಕ್ಕಳು. ಹೊರಡುವಾಗ ಒಮ್ಮೆ, ತಿರುವಿನಲ್ಲಿ ಒಮ್ಮೆ, ಮರಳಿದಾಗ ಒಮ್ಮೆ ಎಣಿಕೆ.

ಬಹುಮಾನ ಹಂಚುವಾಗ ಒಂದು ವಿಷಯ ಗಮನದಲ್ಲಿರಲಿ. ಹೆಚ್ಚು ವಚನ ಹೇಳಿದವರಿಗೆ, ಪೂರ್ಣ ಹಾಜರಾತಿಗೆ ಬಹುಮಾನ ಸರಿ. ಆದರೆ ಪ್ರಮಾಣಪತ್ರ ಎಲ್ಲರಿಗೂ ಇರಬೇಕು, ಮತ್ತು ಅದರಲ್ಲಿ ಹೆಸರಿನ ಕಾಗುಣಿತ ತಪ್ಪಬಾರದು. ಹಿಂದಿನ ದಿನವೇ ಪ್ರತಿ ಮಗುವಿನಿಂದಲೂ ಅದರ ಹೆಸರನ್ನು ಅದರ ಕೈಯಲ್ಲೇ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಹಂತ 10: ಮುಗಿದ ಮರುದಿನ

ಶಾಮಿಯಾನ ಬಿಚ್ಚಿದೊಡನೆ ಎಲ್ಲರೂ ಚದುರಿಹೋಗುತ್ತಾರೆ. ನೀವು ಇನ್ನೂ ಒಂದು ದಿನ ಕೊಡಿ. ಖರ್ಚಿನ ರಸೀದಿಗಳನ್ನು ಒಂದು ಲಕೋಟೆಗೆ ಹಾಕಿ ಸಭಾ ಕಮಿಟಿಯ ಖಜಾಂಚಿಗೆ ಒಪ್ಪಿಸಿ. ಮಕ್ಕಳ ಫೋನ್ ನಂಬರ್ ಮತ್ತು ಆರೋಗ್ಯದ ವಿವರಗಳಿರುವ ರಿಜಿಸ್ಟರನ್ನು ಸಭಾಪಾಲಕರ ಕಚೇರಿಯ ಬೀರುವಿನಲ್ಲಿ ಇಡಿಸಿ. ಅದರ ಫೋಟೊ ನಿಮ್ಮ ಫೋನಿನಲ್ಲಿದ್ದರೆ ಅಳಿಸಿಹಾಕಿ. ಶಿಬಿರಕ್ಕಾಗಿ ಮಾಡಿದ ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚಿ. ನಡುವೆ ಬರುವುದನ್ನು ನಿಲ್ಲಿಸಿದ ಮಕ್ಕಳ ಮನೆಗೆ ಟೀಚರ್ ಒಬ್ಬರನ್ನು ಜೊತೆಗೂಡಿಕೊಂಡು ಒಮ್ಮೆ ಹೋಗಿ ಬನ್ನಿ. ಕಾರಣ ಅನೇಕ ಸಲ ಜ್ವರವಾಗಿರುತ್ತದೆ, ಕೆಲವು ಸಲ ಯಾರೋ ಆಡಿದ ಒಂದು ಮಾತಾಗಿರುತ್ತದೆ.

ಉಳಿದ ಬಣ್ಣದ ಕಾಗದ, ಕತ್ತರಿ, ದಾರ, ಪೆನ್ಸಿಲ್‌ಗಳನ್ನು ಟ್ರಂಕಿನಲ್ಲಿ ಹಾಕಿ, ಏನೇನು ಎಷ್ಟಿದೆ ಎಂಬ ಪಟ್ಟಿಯನ್ನು ಮುಚ್ಚಳದ ಒಳಬದಿಗೆ ಅಂಟಿಸಿ. ಅಂಟಿನ ಡಬ್ಬಿಗಳನ್ನು ಮಾತ್ರ ಒಳಗಿಡಬೇಡಿ, ಮುಂದಿನ ಏಪ್ರಿಲ್‌ಗೆ ಅವು ಕಲ್ಲಾಗಿರುತ್ತವೆ. ಟ್ರಂಕಿನ ಕೀಲಿ ಯಾರ ಬಳಿ ಇದೆ ಎಂಬುದನ್ನು ಆ ಪಟ್ಟಿಯಲ್ಲಿ ಬರೆಯದೆ, ಸಭಾ ಕಮಿಟಿಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಪಟ್ಟಿ ಬೀಗದೊಳಗೆ ಉಳಿದು ಕೀಲಿಗಾಗಿ ಊರೆಲ್ಲ ಹುಡುಕಿದ ವರ್ಷವೂ ನಮ್ಮಲ್ಲಿ ಒಂದಿದೆ.